ಔಷಧದ ವ್ಯುತ್ಪತ್ತಿ

ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತ ಕನ್ನಡಗಳನ್ನು ಕಲಿಸಿ ವಿಶ್ರಾಂತನಾದವನು ನಾನು. ಪಾಠಶಾಲೆಯಲ್ಲಿ ಅಂಟಿಕೊಂಡ ಒಂದು ಚಾಳಿಯು ನನ್ನನ್ನು ಇನ್ನೂ ಬಿಟ್ಟಿಲ್ಲ. ಹೊಸ ಶಬ್ದವೊಂದು ಕಿವಿಗೆ ಬಿದ್ದರೆ ಪ್ರಕೃತಿ ಯಾವುದು, ಪ್ರತ್ಯಯ ಯಾವುದು ಎಂದು ಬಿಡಿಸಿ ನೋಡದೆ ಸಮಾಧಾನವಾಗದು. ಕಳೆದ ವರ್ಷ ನನ್ನ ಮನೆಯಾಕೆಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರೆಂದು ನಿರ್ಣಯವಾಗಿ, ಶಸ್ತ್ರಚಿಕಿತ್ಸೆಯೂ ಮುಗಿದ ತರುವಾಯ ವೈದ್ಯರು ಚೀಟಿಯಲ್ಲಿ ಬರೆದ ಹೆಸರು ‘ಟ್ರಾಸ್ಟುಜುಮಾಬ್’. ಅಂತಹ ಹೊತ್ತಿನಲ್ಲಿಯೂ ನಾನು ಆ ಶಬ್ದವನ್ನು ಒಡೆಯತೊಡಗಿದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೆದರಿದವನಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಷ್ಟೆ.

ನನ್ನ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿರುವನು. ಅವನನ್ನು ಕೇಳಲಾಗಿ, “ಮೇಷ್ಟ್ರೇ, ಇದಕ್ಕೂ ವ್ಯಾಕರಣವುಂಟು” ಎಂದನು. ಕೊನೆಯ ‘ಮಾಬ್’ ಎಂಬುದು ಒಂದೇ ಕೋಶದ ಸಂತತಿಯಿಂದ ಬಂದ ಪ್ರತಿಕಾಯವೆಂಬುದನ್ನು ಸೂಚಿಸುವ ಪ್ರತ್ಯಯ. ‘ಟು’ ಎಂದರೆ ಗೆಡ್ಡೆಯ ರೋಗಕ್ಕೆ. ‘ಜು’ ಎಂದರೆ ಇಲಿಯದನ್ನು ಬಹುಮಟ್ಟಿಗೆ ಮನುಷ್ಯರೂಪಕ್ಕೆ ತಿದ್ದಿದ್ದು. 2017ರಿಂದ ಹೊಸ ಹೆಸರುಗಳಲ್ಲಿ ಮೂಲವನ್ನು ಸೂಚಿಸುವ ಅಕ್ಷರವನ್ನೂ, 2021ರಿಂದ ‘ಮಾಬ್’ ಎಂಬುದನ್ನೂ ಕೈಬಿಟ್ಟಿರುವರಂತೆ. ಸೂತ್ರಕಾರರು ಇಷ್ಟು ಬೇಗ ಸೂತ್ರ ತಿದ್ದುವುದು ನನಗೇನೋ ಸರಿದೋರಲಿಲ್ಲ.

ಅವನು ಹೇಳಿದ ಕಥೆಯಾದರೋ ಪುರಾಣಕ್ಕೆ ಕಡಮೆಯದಲ್ಲ. ಹೊರಗಿನ ಶತ್ರುವನ್ನು ಗುರುತಿಸಿ ಪ್ರತಿಕಾಯವನ್ನು ಉತ್ಪನ್ನಮಾಡುವ ಕೋಶಗಳು ನಮ್ಮ ದೇಹದಲ್ಲಿವೆ. ಒಂದು ಕೋಶಕ್ಕೆ ಒಂದೇ ವಿದ್ಯೆ. ಆದರೆ ಅದನ್ನು ದೇಹದಿಂದ ತೆಗೆದು ಪಾತ್ರೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಸಾಯುವುದು. 1975ರಲ್ಲಿ ಕೇಂಬ್ರಿಜ್ ನಗರದಲ್ಲಿ ಅರ್ಜೆಂಟೀನ ಸಂಜಾತರಾದ ಸೀಸರ್ ಮಿಲ್‌ಸ್ಟೈನ್, ಜರ್ಮನಿಯ ತರುಣ ಜಾರ್ಜಸ್ ಕೋಹ್ಲರ್ ಎಂಬಿಬ್ಬರು ಇಲಿಯ ಪ್ಲೀಹದಿಂದ ಅಂತಹ ಕೋಶವನ್ನು ತೆಗೆದು, ಸಾಯುವುದನ್ನೇ ಅರಿಯದ ಕ್ಯಾನ್ಸರ್ ಕೋಶದೊಡನೆ ಕೂಡಿಸಿದರು. ಹುಟ್ಟಿದ ಸಂಕರಕೋಶಕ್ಕೆ ಒಂದು ಕಡೆಯಿಂದ ವಿದ್ಯೆಯೂ ಮತ್ತೊಂದು ಕಡೆಯಿಂದ ಆಯುಷ್ಯವೂ ಬಂದವು. ಯಾವ ದುರ್ಗುಣದಿಂದ ಕ್ಯಾನ್ಸರು ಮನುಷ್ಯನನ್ನು ಕೊಲ್ಲುವುದೋ, ಅದೇ ದುರ್ಗುಣದಿಂದ ಔಷಧದ ಬಾಗಿಲು ತೆರೆಯಿತು! ಆ ವಿಧಾನಕ್ಕೆ ಅವರು ಏಕಸ್ವಾಮ್ಯದ ಹಕ್ಕನ್ನು ಪಡೆಯಲಿಲ್ಲವೆಂಬುದನ್ನು ಕೇಳಿ ನನಗೆ ಅವರಲ್ಲಿ ಗೌರವವು ಇಮ್ಮಡಿಯಾಯಿತು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಇಲಿಯ ಪ್ರತಿಕಾಯವನ್ನು ನಮ್ಮ ದೇಹವು ಪರಕೀಯವೆಂದು ಹೊಡೆದಟ್ಟುತ್ತಿತ್ತು. ಶತ್ರುವನ್ನು ಹಿಡಿಯುವ ಬೆರಳತುದಿಯಷ್ಟನ್ನು ಮಾತ್ರ ಇಲಿಯದರಿಂದ ತೆಗೆದು ಮಾನವಪ್ರತಿಕಾಯದ ಮೇಲೆ ಕಸಿಮಾಡುವ ಉಪಾಯವನ್ನು ಅದೇ ಕೇಂಬ್ರಿಜ್‌ನ ಗ್ರೆಗ್ ವಿಂಟರ್ 1986ರಲ್ಲಿ ತೋರಿಸಿದರು. ಮರುವರ್ಷ ಅಮೆರಿಕದ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು, ಕೆಲವು ಸ್ತನಕ್ಯಾನ್ಸರುಗಳಲ್ಲಿ ‘ಹರ್-2’ ಎಂಬುದು ಮಿತಿಮೀರಿದ್ದರೆ ರೋಗವು ಉಗ್ರವಾಗುವುದೆಂದು ಕಂಡುಕೊಂಡರು. ಅದನ್ನು ಹಿಡಿದು ತಡೆಯುವುದೇ ಈ ಔಷಧ. 1998ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದೇ ಬಗೆಯದನ್ನು ನಮ್ಮ ದೇಶದಲ್ಲಿ ಕಡಮೆ ಬೆಲೆಗೆ ತಂದಿತು. ಕಡಮೆಯಾದರೂ ಪಿಂಚಣಿದಾರನಿಗೆ ಹಗುರವಲ್ಲ, ನಿವೇಶನವನ್ನು ಮಾರಿದೆನು.

ಮೊದಲನೆಯ ಸಲ ಔಷಧವು ಹನಿಹನಿಯಾಗಿ ಇಳಿಯುತ್ತಿದ್ದಾಗ ಮನೆಯಾಕೆ ಮೆಲ್ಲನೆ ಕೇಳಿದಳು: “ಏನೂಂದ್ರೆ, ಇದರಲ್ಲಿ ಇಲಿ ಇದೆಯಂತೆ, ನಿಜವೇ?”

ಮಡಿಯ ಮನೆಯಲ್ಲಿ ಬೆಳೆದವಳು. ಇಲ್ಲವೆಂದುಬಿಡಬಹುದಾಗಿತ್ತು. ನಾಲಗೆ ಏಳಲಿಲ್ಲ. ‘ಜು’ಕಾರದ ಅರ್ಥವನ್ನು ತಿಳಿಸಿದೆನು. ಈಗ ಔಷಧವನ್ನು ತಯಾರಿಸುವುದು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಕೋಶಗಳಲ್ಲೆಂಬುದನ್ನೂ ಮರೆಮಾಚಲಿಲ್ಲ. ಅವಳು ಬಹಳ ಹೊತ್ತು ನಳಿಗೆಯನ್ನೇ ನೋಡುತ್ತಿದ್ದು, “ಸೂಜಿ ಕೀಳಿಸಿಬಿಡುವಿರೇನೋ ಎಂದುಕೊಂಡೆ” ಎಂದಳು. “ಕೀಳಿಸಲೇ?” ಎಂದೆನು. “ಬೇಡಿ. ಮೊಮ್ಮಗಳ ಮದುವೆ ನೋಡಬೇಕು.”

ಮೂರು ವಾರಕ್ಕೊಮ್ಮೆಯಂತೆ ಹನ್ನೊಂದು ಸಲ ಆಯಿತು. ಈ ಔಷಧವು ಕೆಲವರಲ್ಲಿ ಹೃದಯದ ಬಲವನ್ನು ಕುಂದಿಸುವುದುಂಟು. ಅವಳಿಗೂ ಹಾಗಾಗಿ ಕಳೆದ ತಿಂಗಳು ನಿಲ್ಲಿಸಿದ್ದಾರೆ. ನಿಲ್ಲಿಸಿದರೆ ಬಹುಪಾಲು ಜನರಿಗೆ ಬಲವು ಮರಳುವುದೆಂದು ವೈದ್ಯರು ಹೇಳಿರುವರು. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಹೃದಯಪರೀಕ್ಷೆ. ಅವಳು ಚೀಲದಲ್ಲಿ ಹಳೆಯ ಕಾಗದಗಳನ್ನೆಲ್ಲ ಕ್ರಮವಾಗಿ ಜೋಡಿಸಿಟ್ಟು ಮಲಗಿದ್ದಾಳೆ.