ಮಿರಜಿಗೆ ಹೊರಟ ಗಿಟಾರು

ನಮ್ಮ ಕಡೆಯವರು ಮಿರಜಿಗೆ ಹೊರಟಿದ್ದೇವೆಂದರೆ ಕೇಳಿದವರು ಮೊದಲು ಮುಖ ಸಣ್ಣದು ಮಾಡುತ್ತಾರೆ. "ಯಾರಿಗೆ ಆರಾಮಿಲ್ಲ?" ಎನ್ನುತ್ತಾರೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಬೆಳಗಾವಿ, ವಿಜಾಪುರ, ಧಾರವಾಡದ ಎಷ್ಟೋ ಮನೆಗಳಿಗೆ ಮಿರಜ್ ಅಂದರೆ ಆಪರೇಶನ್ನಿನ ಊರು. ಕಳೆದ ಮೇ ತಿಂಗಳಲ್ಲಿ ನಾನೂ ಮಗನೂ ಧಾರವಾಡ ಸ್ಟೇಶನ್ನಿನಲ್ಲಿ ನಿಂತಿದ್ದಾಗ ಪರಿಚಯದವರೊಬ್ಬರು ಹಾಗೆಯೇ ಕೇಳಿದರು. ನಾನು ಪಕ್ಕದಲ್ಲಿದ್ದ ಎರಡು ಗವಸಣಿಗೆಗಳನ್ನು ತೋರಿಸಿದೆ. ಒಂದರಲ್ಲಿ ನಮ್ಮ ಅಕ್ಕನ ತಂಬೂರಿ, ಇನ್ನೊಂದರಲ್ಲಿ ಮಗನ ಗಿಟಾರು. "ಇಬ್ಬರು ಪೇಶಂಟ್ ಅದಾರ್ರಿ" ಅಂದೆ.

ತಂಬೂರಿಯ ಕಾಯಿಲೆ ವಯಸ್ಸಿನದು. ಅಕ್ಕ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ವರ್ಷಗಟ್ಟಲೆ ಮೀಟಿ ಮೀಟಿ ಘೋಡಿಯ ಮೇಲೆ ತಂತಿಗಳು ಗೆರೆ ಕೊರೆದುಬಿಟ್ಟಿದ್ದವು. ಗಿಟಾರಿನ ಕಾಯಿಲೆಗೆ ಮಾತ್ರ ನಾನೇ ಕಾರಣ. ಮಗ ಸೆಕೆಂಡ್ ಪಿಯುಸಿಗೆ ಬಂದ ಜೂನಿನಲ್ಲಿ ಅದನ್ನೆತ್ತಿ ಕಪಾಟಿನ ತಲೆಯ ಮೇಲಿಟ್ಟೆ. "ಪರೀಕ್ಷಾ ಮುಗೀಲಿ, ಆಮ್ಯಾಲೆ ನೋಡೋಣ" ಅಂದೆ. ಅವನು ವಾದ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು. ಪರೀಕ್ಷೆ ಮುಗಿಯಿತು, ಅಂಕಗಳೂ ಬಂದವು; ಬಹಳ ಒಳ್ಳೆಯವೂ ಅಲ್ಲ, ತೀರ ಕೆಟ್ಟವೂ ಅಲ್ಲ. ಗಿಟಾರು ಕೆಳಗೇ ಇದ್ದಿದ್ದರೂ ಅಷ್ಟೇ ಬರುತ್ತಿದ್ದವೋ ಏನೋ.

ಕೆಳಗಿಳಿಸಿ ನೋಡಿದರೆ ಧಾರವಾಡದ ಒಂದು ಇಡೀ ಮಳೆಗಾಲ ಅದರ ತಂತಿಗಳ ಮೇಲೆ ಕೂತಿತ್ತು. ಗಿಟಾರಿಗೆ ಆರು ತಂತಿ. ತೆಳ್ಳಗಿನ ಎರಡು ಬರಿಯ ಉಕ್ಕು. ದಪ್ಪನೆಯ ನಾಲ್ಕರಲ್ಲಿ ಒಳಗೆ ಉಕ್ಕಿನ ಎಳೆ, ಮೇಲೆ ಕಂಚಿನ ಸಣ್ಣ ತಂತಿಯ ಸುತ್ತು. ಆ ಸುತ್ತುಗಳ ಸಂದಿಯಲ್ಲಿ ಬೆರಳಿನ ಬೆವರು, ಧೂಳು ಸೇರಿಕೊಂಡರೆ ನಾದ ಮಂಕಾಗುತ್ತದೆ. ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಮಗ ಕೀ ತಿರುಗಿಸಿದ ಕೂಡಲೇ ಎಲ್ಲಕ್ಕಿಂತ ತೆಳ್ಳಗಿನದು ಚಟ್ಟನೆ ಹರಿಯಿತು. ಉಳಿದವುಗಳನ್ನಾದರೂ ಬಿಚ್ಚೋಣವೆಂದು ಬ್ರಿಜ್ಜಿನಲ್ಲಿದ್ದ ಪಿನ್ನನ್ನು ಇಕ್ಕಳದಿಂದ ಎಳೆದ. ಪಿನ್ನಿನ ತಲೆ ಮುರಿದು ಕೈಗೆ ಬಂತು, ಮೈ ಒಳಗೇ ಉಳಿಯಿತು. ಅಕ್ಕ ಹೇಗೂ ತಂಬೂರಿ ಮಿರಜಿಗೆ ಕಳಿಸಬೇಕೆನ್ನುತ್ತಿದ್ದಳು. "ಅದನ್ನೂ ತಗೊಂಡು ನಡಿ" ಅಂದೆ.

ಅಳ್ನಾವರ, ಲೋಂಡಾ, ಖಾನಾಪುರ ದಾಟುವವರೆಗೆ ಕಾಡು. ಬೆಳಗಾವಿಯಿಂದ ಮುಂದೆ ಬಯಲು, ಘಟಪ್ರಭಾ ಬಿಟ್ಟ ಮೇಲೆ ಕಬ್ಬೇ ಕಬ್ಬು. ತಂಬೂರಿಯನ್ನು ಮೇಲಿನ ಬರ್ತಿನ ಮೇಲೆ ಮಗುವಿನಂತೆ ಮಲಗಿಸಿ, ಉರುಳದಂತೆ ಪಕ್ಕಕ್ಕೊಂದು ಚಾದರ ಇಟ್ಟಿದ್ದೆವು. ಕುಡಚಿ ಕಳೆದು ಕೃಷ್ಣಾ ಸೇತುವೆಯ ಮೇಲೆ ಗಾಡಿ ನಿಧಾನವಾದಾಗ ಎಲ್ಲರೂ ಕಿಟಕಿಗೆ ಬಂದರು. ಉಗಾರ, ಶೇಡಬಾಳ, ಆಮೇಲೆ ಮಿರಜ್.

ಈ ಊರಿಗೂ ನಮ್ಮ ಸಂಗೀತಕ್ಕೂ ಇರುವ ನಂಟು ದೊಡ್ಡದು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಇಲ್ಲಿ. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿದ್ದಾಗ ತೀರಿಕೊಂಡ ಅವರನ್ನು ತಂದು ಮಣ್ಣು ಮಾಡಿದ್ದು ಇಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿ. ಅವರ ಶಿಷ್ಯರೇ ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿಯವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಇಷ್ಟು ಹೇಳಿ ಮಗನ ಮುಖ ನೋಡಿದೆ. ಅವನು ಗಿಟಾರಿನ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ವಾದ್ಯ ಮಾಡುವವರು ಇರುವುದು ಶನಿವಾರ ಪೇಟೆಯ ಕಡೆಯ ಗಲ್ಲಿಗಳಲ್ಲಿ. ಇವರ ಪೂರ್ವಿಕರು ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಕತ್ತಿಗಳ ಕಾಲ ಮುಗಿದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ, ಅದೇ ಕೈಗಳು ತಂಬೂರಿ, ಸಿತಾರಿಗೆ ತಿರುಗಿದವು; ಫರೀದ್‌ಸಾಹೇಬರೆಂಬವರ ಹೆಸರನ್ನು ಮೊದಲಿಗೆ ಹೇಳುತ್ತಾರೆ. ಈಗ ಮನೆತನದ ಅಡ್ಡಹೆಸರೇ ಸಿತಾರಮೇಕರ್. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಜಿಐ ಮಾನ್ಯತೆ ಸಿಕ್ಕಿತು. ಬಾಗಿಲುಗಳ ಮುಂದೆ ಒಣಗಿದ ಕಹಿಸೋರೆ ಬುರುಡೆಗಳು ಸಾಲಾಗಿ ಕೂತಿದ್ದವು. ಪಂಢರಪುರದ ಕಡೆ, ಭೀಮಾ ನದಿಯ ಸೀಮೆಯಲ್ಲಿ ಬೆಳೆದು ಬಂದವು. ಒಂದೊಂದು ಬುರುಡೆ ಎರಡು ತೋಳಿನ ತೆಕ್ಕೆಗೆ ಸಿಕ್ಕುವಷ್ಟು ದೊಡ್ಡದು. ಒಳಗೆ ಮರದ ಪುಡಿ, ಅರಗಿನ ವಾಸನೆ.

ಅಕ್ಕ ಹೇಳಿಕಳಿಸಿದ ಅಂಗಡಿಯ ಹಿರಿಯರು ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಾರೆ. ತಂಬೂರಿಯ ತಂತಿಯನ್ನೊಮ್ಮೆ ಮುಟ್ಟಿ, "ಜವಾರಿ ಹೋಗೇದ" ಎಂದು ಪಕ್ಕಕ್ಕಿಟ್ಟರು. ಗಿಟಾರು ನೋಡಿ ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಿತ್ತು. ತುಕ್ಕಿನ ತಂತಿಗಳನ್ನೆಲ್ಲ ಸಡಿಲಿಸಲು ಮಗನಿಗೆ ಹೇಳಿದರು. ಆಮೇಲೆ ಗಿಟಾರಿನ ಹೊಟ್ಟೆಯ ದುಂಡನೆಯ ತೂತಿನೊಳಗೆ ಅವನ ಕೈ ಹಾಕಿಸಿ, ಒಂದು ನಾಣ್ಯ ಕೊಟ್ಟು, ಒಳಗಿನಿಂದ ಪಿನ್ನಿನ ತುದಿಯನ್ನು ಮೇಲಕ್ಕೆ ಒತ್ತು ಅಂದರು. ಮನೆಯಲ್ಲಿ ಇಕ್ಕಳಕ್ಕೆ ಬಗ್ಗದ ಪಿನ್ನು ಟಪ್ಪನೆ ಹೊರಗೆ ಬಂತು. ಅದರ ಜಾಗಕ್ಕೆ ಬೇರೊಂದನ್ನು ಡಬ್ಬಿಯಲ್ಲಿ ಹುಡುಕಿ ಕೊಟ್ಟರು.

"ನೀವೇ ತಂತಿ ಹಾಕಿಬಿಡ್ರಿ" ಅಂದೆ ನಾನು.

"ನಾ ಹಾಕ್ತೀನ್ರಿ. ಹರಿದಾಗೊಮ್ಮೆ ಇಂವಾ ಮಿರಜಿಗೆ ಬರ್ತಾನೇನು? ಬೇಟಾ, ನೀನೇ ಹಾಕು."

ಮಗ ಚೀಲದ ಪಕ್ಕದ ಜೇಬಿನಿಂದ ಹೊಸ ತಂತಿಗಳ ಲಕೋಟೆ ತೆಗೆದ. ಅದರ ಜೊತೆಗೆ ಅಂಗಡಿಯ ಬಿಲ್ಲೂ ಕೆಳಗೆ ಬಿತ್ತು. ಎತ್ತಿಕೊಟ್ಟೆ. ಹುಬ್ಬಳ್ಳಿಯ ಅಂಗಡಿಯದು, ತಾರೀಖು ಹಿಂದಿನ ವರ್ಷದ ಸೆಪ್ಟೆಂಬರಿನದು. ಏನೂ ಕೇಳಲಿಲ್ಲ.

ತಂತಿ ಹಾಕುವುದೆಂದರೆ ಸಿಕ್ಕಿಸಿ ಬಿಗಿಯುವುದು ಎಂದೇ ನಾನು ತಿಳಿದಿದ್ದೆ. ತಂತಿಯ ಒಂದು ತುದಿಗೆ ಹಿತ್ತಾಳೆಯ ಸಣ್ಣ ಗುಂಡಿರುತ್ತದೆ. ಅದನ್ನು ಬ್ರಿಜ್ಜಿನ ತೂತಿನೊಳಗೆ ಬಿಟ್ಟು, ಮೇಲಿಂದ ಪಿನ್ನು ಹಾಕಬೇಕು. ಪಿನ್ನಿಗೊಂದು ಸೀಳುಗಾಲುವೆ ಇದೆ, ಅದು ತಂತಿಯ ಕಡೆಗೇ ಇರಬೇಕು. ಮಗ ಹಾಗೆಯೇ ಮಾಡಿ ಬಿಗಿದ. ನಾಲ್ಕು ಸುತ್ತಿಗೆ ಪಿನ್ನು ಹಾರಿ ಗೋಡೆಗೆ ಬಡಿಯಿತು. ಹಿರಿಯರು ಆಗ ನಕ್ಕರು. ಗುಂಡು ಪಿನ್ನಿನ ತುದಿಗೆ ಆತು ನಿಂತಿತ್ತು. ಬಿಗಿ ಹೆಚ್ಚಿದಂತೆ ಪಿನ್ನನ್ನೇ ಮೇಲಕ್ಕೆ ತಳ್ಳಿತು. ಪಿನ್ನನ್ನು ಬೆರಳಿನಿಂದ ಒತ್ತಿಹಿಡಿದು ತಂತಿಯನ್ನು ಮೆಲ್ಲಗೆ ಮೇಲಕ್ಕೆಳೆದರೆ ಗುಂಡು ಪಕ್ಕಕ್ಕೆ ಸರಿದು ಒಳಗಿನ ಮರಕ್ಕೆ ಆತುಕೊಳ್ಳುತ್ತದೆ. ಆಗ ಭಾರ ಹೊರುವುದು ಮರ, ಪಿನ್ನಲ್ಲ. ಆ ಭಾರವೇನು ಕಡಿಮೆಯೇ? ಆರೂ ತಂತಿ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 70 ಕಿಲೋ ಆಗುತ್ತದೆ. ನನ್ನ ಮಗನ ತೂಕ ಅಷ್ಟಿಲ್ಲ.

ಇನ್ನೊಂದು ತುದಿಯಲ್ಲಿ ಅವನು ಮಾಡಿದ ತಪ್ಪು ಬೇರೆ. ಕೀಯ ತೂತಿನಲ್ಲಿ ತಂತಿ ತೂರಿಸಿ ಪೂರಾ ಎಳೆದುಬಿಟ್ಟ. ಸುತ್ತಲು ಉಳಿದದ್ದು ಅರ್ಧ ಸುತ್ತು, ಜಾರುತ್ತದೆ. ಎರಡಂಗುಲದಷ್ಟು ಸಡಿಲು ಬಿಟ್ಟರೆ ಎರಡು ಮೂರು ಸುತ್ತು ಸಿಗುತ್ತವೆ, ಒಂದರ ಕೆಳಗೊಂದು, ಮೈಮೇಲೆ ಏರದಂತೆ. ಮೂರನೆಯ ತಂತಿಯ ಹೊತ್ತಿಗೆ ಅವನ ಕೈಗೆ ಲೆಕ್ಕ ಸಿಕ್ಕಿತ್ತು. ತೆಳ್ಳಗಿನದನ್ನು ಬಿಗಿಯುವಾಗ ಹಿರಿಯರು ಅವನ ಗದ್ದ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಹರಿದರೆ ಕಣ್ಣಿಗೇ ಬರುತ್ತದಂತೆ. ಇದನ್ನು ಮಾತ್ರ ಮನೆಯಲ್ಲಿ ಮಕ್ಕಳಿಗೆ ತಪ್ಪದೆ ಹೇಳಿ.

ಇತ್ತ ಅವರು ತಂಬೂರಿಯ ಘೋಡಿಯನ್ನು ಅರದಿಂದ ಸವರುತ್ತಿದ್ದರು. ಒಂದೆರಡು ಸಲ ಉಜ್ಜುವುದು, ಬೆರಳಿನಿಂದ ಸವರಿ ನೋಡುವುದು, ತಂತಿ ಏರಿಸಿ ಮೀಟುವುದು, ಮತ್ತೆ ಇಳಿಸುವುದು. ಗಂಟೆಯ ಮೇಲಾಯಿತು. ಹೊಸ ತಂತಿ ನಾಲ್ಕು: ಮೂರು ಉಕ್ಕಿನವು, ಕೆಳಗಿನ ಷಡ್ಜದ್ದು ಹಿತ್ತಾಳೆ. ಖುಂಟಿ ಜಾರದಿರಲೆಂದು ಸೀಮೆಸುಣ್ಣ ತಿಕ್ಕಿದರು. ಕೊನೆಗೆ ತಂತಿಯ ಕೆಳಗೆ ಹತ್ತಿಯ ಎಳೆಯಿಟ್ಟು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಕಡೆ ನಾದ ಅರಳಿತು. ಅಲ್ಲಿಯವರೆಗೆ ಸುಮ್ಮನೆ ಠಣ್ ಅನ್ನುತ್ತಿದ್ದದ್ದು ಜೇನುಗೂಡಿನಂತೆ ಝೇಂಕರಿಸತೊಡಗಿತು. ಮಗ ತಲೆಯೆತ್ತಿದ. "ಗಿಟಾರ್‌ನ್ಯಾಗ ಹಿಂಗ ಬಂದ್ರ ಕೆಟ್ಟದ ಅಂತಾರಲ್ರಿ, ಚಾಚಾ?" ಎಂದು ಕೇಳಿದ. ಹೌದು, ಗಿಟಾರಿನಲ್ಲಿ ತಂತಿ ಕೂರುವ ಅಂಚು ಸಪೂರ, ಝೇಂಕಾರ ಬಂದರೆ ರೋಗವೆಂದೇ ಲೆಕ್ಕ. ತಂಬೂರಿಯ ಘೋಡಿ ಅಗಲ, ಮೇಲ್ಮೈಗೆ ಸಣ್ಣ ಬಾಗು. ಅಲ್ಲಿ ಅದೇ ಆರೋಗ್ಯ. ಇಬ್ಬರೂ ಅದನ್ನೇ ಮಾತಾಡುತ್ತ ಕೂತರು. ನಾನು ಚಹಾ ಹೇಳಿ ಬಂದೆ.

ಶ್ರುತಿ ಮಾಡಲು ಮಗ ಫೋನ್ ತೆಗೆದ. ಹಿರಿಯರು ಬೇಡವೆಂದರು. ದಪ್ಪ ತಂತಿಯನ್ನು ಐದನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಸ್ವರಕ್ಕೆ ಪಕ್ಕದ್ದನ್ನು ಕೂಡಿಸುವುದು, ಹೀಗೇ ಮುಂದೆ; ಮೂರನೆಯದರಿಂದ ಎರಡನೆಯದಕ್ಕೆ ಬರುವಾಗ ಮಾತ್ರ ನಾಲ್ಕನೆಯ ಫ್ರೆಟ್ಟು. ಗೊತ್ತಿದ್ದದ್ದೇ, ಒಂದು ವರ್ಷದಲ್ಲಿ ಕಿವಿ ಜಡವಾಗಿತ್ತು. ಆರೂ ಕೂಡುವುದರೊಳಗೆ ಮೊದಲಿನದು ಇಳಿದಿರುತ್ತಿತ್ತು. "ಹೊಸಾದು. ಎರಡು ದಿನ ಹಿಂಗ ಇಳೀತದ. ಬೈಬ್ಯಾಡ" ಅಂದರು ಅವರು.

ತಂಬೂರಿಯ ಕೂಲಿ ತೆಗೆದುಕೊಂಡರು. ಗಿಟಾರಿನ ಪಿನ್ನಿಗೆ ದುಡ್ಡು ಕೊಡಹೋದರೆ ಕೈ ಅಡ್ಡ ಮಾಡಿದರು.

ಸಂಜೆಯ ಗಾಡಿಯಲ್ಲಿ ಜಾಗ ಸಿಕ್ಕಿತು. ಶೇಡಬಾಳ ದಾಟಿದ ಮೇಲೆ ಕೇಳಿದೆ: "ಆ ತಂತಿ ಯಾವಾಗ ತಂದಿದ್ದಿ?"

"ಗಣಪತಿ ಹಬ್ಬದಾಗ. ಅತ್ತಿ ರೊಕ್ಕ ಕೊಟ್ಟಿದ್ಲಲ್ಲ, ಅದರಾಗ."

"ಹೇಳಬೇಕಿಲ್ಲೇನು?"

"ಪರೀಕ್ಷಾ ಮುಗೀಲಿ ಅಂದಿದ್ರೆಲ್ಲ."

ಫಿಜಿಕ್ಸ್ ಪುಸ್ತಕದೊಳಗಿಟ್ಟಿದ್ದನಂತೆ. ಆ ಪುಸ್ತಕವನ್ನು ನಾನು ದಿನಾಲೂ ಅವನ ಮೇಜಿನ ಮೇಲೆ ನೋಡುತ್ತಿದ್ದೆ, ಓದುತ್ತಾನೆಂದು ಸಮಾಧಾನವೂ ಪಡುತ್ತಿದ್ದೆ. ಓದುತ್ತಲೂ ಇದ್ದ, ಸುಳ್ಳಲ್ಲ.

"ಇನ್ನ ಅದನ್ನ ಕಪಾಟಿನ ಮ್ಯಾಲ ಇಡೂದು ಬ್ಯಾಡ" ಅಂದೆ.

ಅವನು ಹೂಂ ಅಂದ. ಗಾಡಿ ಕೃಷ್ಣಾ ಸೇತುವೆಗೆ ಬಂದಿತ್ತು. ಗಿಟಾರನ್ನು ಚೀಲದಿಂದ ತೆಗೆದು, ಗದ್ದಲದಲ್ಲಿ ಕೇಳಿಸದೆಂದು ಅದರ ಮೈಗೆ ಕಿವಿಯಿಟ್ಟು ಒಂದೊಂದೇ ತಂತಿ ಮೀಟಿ ನೋಡಿದ. ಐದನೆಯದು ಮತ್ತೆ ಇಳಿದಿತ್ತು. ಕೀ ಹಿಡಿದು ತಿರುಗಿಸತೊಡಗಿದ.