ಸಮ್ ಮರಳಿನ ಒಂಟೆ

ಹೋದ ಫಾಲ್ಗುಣದಲ್ಲಿ ನಾವು ಯೆಣೆಗೂರಿನಿಂದ ಮನೆಮಂದಿಯೊಡನೆ ಜೈಸಲ್ಮೇರಿಗೆ ಯಾತ್ರೆ ಹೋಗಿದ್ದೆವು. ಕೋಟೆಯ ಹಳದಿ ಕಲ್ಲಿನ ಜಿನಾಲಯಗಳು, ಲೋದ್ರವಾ ಕ್ಷೇತ್ರದ ಪಾರ್ಶ್ವನಾಥರ ದರ್ಶನವಾಯಿತು. ಆಮೇಲೆ ಮೊಮ್ಮಗನ ಹಟಕ್ಕೆ 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳಿಗೆ ಹೊರಟೆವು.

ಒಂಟೆ ಏಳುವಾಗ ಹಿಂಗಾಲು ಮೊದಲು. ಮೊಮ್ಮಗನ ಸಮೇತ ಮುಂದಕ್ಕೆ ಮುಗ್ಗರಿಸಿದೆವು. ಅವನು ನಕ್ಕ; ನಮಗೆ ಅಹಿಂಸಾಣುವ್ರತದ ಅತಿಚಾರಗಳಲ್ಲೊಂದಾದ ಅತಿಭಾರಾರೋಪಣ ನೆನಪಾಯಿತು. ಉಮರ್ಗಾ ಪೇಟೆಗೆ ತೊಗರಿ ಎಳೆದು ತರುತ್ತಿದ್ದ ಎತ್ತುಗಳ ಹೆಗಲು ಕಂಡವರು ನಾವು. ಅದು ಹೊಟ್ಟೆಪಾಡು, ಇದು ಬರೀ ಮೋಜು. ಇಳಿದುಬಿಟ್ಟೆವು.

"ಸೇಠಜೀ, ನೀವು ಹತ್ತದಿದ್ದರೆ ಇದಕ್ಕೆ ಮೇವು ಯಾರು ಹಾಕುತ್ತಾರೆ?" ಎಂದ ಒಂಟೆಯವನು. ರಾಜಸ್ಥಾನದ 2015ರ ಕಾಯಿದೆ ಒಂಟೆಯ ವಧೆಯನ್ನು ನಿಷೇಧಿಸಿತು, ಪರರಾಜ್ಯಕ್ಕೆ ಒಯ್ಯುವುದನ್ನೂ ಬಿಗಿ ಮಾಡಿತು. ಕೇಳಿ ಸಂತೋಷಪಡುವ ಮಾತೇ. ಆದರೆ ಗಿರಾಕಿ ಇಲ್ಲದೆ ಬೆಲೆ ಬಿದ್ದು, ಸಾಕುವವರೇ ಕಡಿಮೆಯಾದರಂತೆ. 2012ರ ಗಣತಿಯಲ್ಲಿ ಅಲ್ಲಿ 3.26 ಲಕ್ಷವಿದ್ದ ಒಂಟೆಗಳು 2019ರಲ್ಲಿ 2.13 ಲಕ್ಷ. ವ್ಯಾಪಾರಿಗಳಾದ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಅನ್ನಪಾನನಿರೋಧವೂ ಅದೇ ಅತಿಚಾರಗಳ ಸಾಲಿನಲ್ಲಿದೆಯಲ್ಲವೇ?

ಪೂರ್ತಿ ಬಾಡಿಗೆ ಕೊಟ್ಟು, ಮೊಮ್ಮಗನೊಬ್ಬನನ್ನೇ ಕೂರಿಸಿ, ನಾವು ಪಕ್ಕದಲ್ಲಿ ನಡೆದೆವು. ಆ ದಿನಗಳಲ್ಲಿ ಸೂರ್ಯ ಅಲ್ಲಿ ನಮ್ಮೂರಿಗಿಂತ ಕಾಲುಗಂಟೆ ತಡವಾಗಿ ಮುಳುಗುತ್ತಾನೆ. ಅಷ್ಟರೊಳಗೆ ಬುತ್ತಿ ಬಿಚ್ಚಿ ಊಟ ಮುಗಿಸಿದೆವು. ಉಳಿದ ಎರಡು ರೊಟ್ಟಿ ಒಂಟೆ ತಿಂದಿತು.