ವ್ಯಾಪಾರಿಯೊಬ್ಬರು ಕಟ್ಟಿಸಿದ ಮದ್ರಸ

ನಮ್ಮಲ್ಲಿ ಮದ್ರಸ ಎಂದರೆ ಬೆಳಿಗ್ಗೆ ಶಾಲೆಗೆ ಮುಂಚೆ ಮಕ್ಕಳು ಹೋಗುವ ಜಾಗ. ಟೋಪಿ, ಕಿತಾಬು, ಉಸ್ತಾದರ ಬೆತ್ತ. ಬಂಟ್ವಾಳದ ಕಡೆಯಿಂದ ನೇಮಕಲ್ಲಿಗೆ ಬಂದು ಅಂಗಡಿ ಇಟ್ಟ ನನ್ನ ಉಪ್ಪನಿಗೂ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೂ ಆ ಪದದ ಅರ್ಥ ಅಷ್ಟೇ ಇತ್ತು. ಬೀದರಿನಲ್ಲಿ ಮಹಮೂದ್ ಗವಾನ್ ಮದ್ರಸ ನೋಡಿದ ಮೇಲೆ ಅದು ದೊಡ್ಡದಾಯಿತು.

ಗವಾನ್ ಇರಾನಿನ ಗೀಲಾನ್ ಕಡೆಯವರು. ವ್ಯಾಪಾರಕ್ಕೆಂದು ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದರು. 'ವ್ಯಾಪಾರಿಗಳ ಒಡೆಯ' ಎಂಬ ಬಿರುದೂ ಅವರಿಗಿತ್ತು. 1472ರಲ್ಲಿ ಅವರು ಕಟ್ಟಿಸಿದ ಈ ಮದ್ರಸ ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ನಡುವೆ ತೆರೆದ ಅಂಗಳ, ಸುತ್ತ ಮೂರು ಅಂತಸ್ತಿನ ಕೋಣೆಗಳು. ವಿದ್ಯಾರ್ಥಿಗಳೂ ಗುರುಗಳೂ ಅಲ್ಲೇ ವಾಸ. ಪಕ್ಕಗಳ ನಡುವೆ ಎತ್ತರದ ಪಾಠದ ಹಜಾರಗಳು. ಮುಂಭಾಗಕ್ಕೆ ಪರ್ಷಿಯಾ ಶೈಲಿಯ ನೀಲಿ, ಹಳದಿ, ಬಿಳಿ ಹೆಂಚಿನ ಅಲಂಕಾರ. ಗ್ರಂಥಾಲಯದಲ್ಲಿ 3,000 ಪುಸ್ತಕಗಳಿದ್ದವು ಎನ್ನುತ್ತಾರೆ.

ಇಂಥ ಮದ್ರಸಗಳ ಮುಖ್ಯ ಪಾಠ ಫಿಕ್ಹ್, ಅಂದರೆ ಕಾನೂನು. ನಮಾಝ್, ಉಪವಾಸದ ಜೊತೆಗೆ ಮಾರಾಟ, ಬಾಡಿಗೆ, ಪಾಲುದಾರಿಕೆ, ಸಾಕ್ಷಿ, ತೀರ್ಪು ಎಲ್ಲವೂ ಅದರಲ್ಲಿ ಬರುತ್ತವೆ. ನಮ್ಮ ಕರಾವಳಿಯ ಪಳ್ಳಿ ದರ್ಸ್‌ಗಳಲ್ಲಿ ಇವತ್ತಿಗೂ ಓದುವ 'ಫತ್‌ಹುಲ್ ಮುಈನ್'ನಲ್ಲೂ ಮಾರಾಟದ ಅಧ್ಯಾಯವಿದೆ. ಮಾಲಿನಲ್ಲಿ ದೋಷವಿದ್ದರೆ ಗಿರಾಕಿಗೆ ಮೊದಲೇ ಹೇಳಬೇಕು ಎಂದು ಉಪ್ಪ ಹಠ ಹಿಡಿಯುವುದು ಬರೀ ಒಳ್ಳೆಯತನ ಅಂದುಕೊಂಡಿದ್ದೆ. ಅದು ಕಾನೂನು.

ಕಟ್ಟಡ ಎದ್ದು ಒಂಬತ್ತು ವರ್ಷಕ್ಕೆ, 1481ರಲ್ಲಿ, ಗವಾನರ ಕೊಲೆಯಾಯಿತು. ವಿರೋಧಿಗಳು ಅವರ ಮೊಹರಿದ್ದ ಕಾಗದದ ಮೇಲೆ ದ್ರೋಹದ ಪತ್ರ ಬರೆಸಿ ಸುಲ್ತಾನ ಮೂರನೇ ಮುಹಮ್ಮದನಿಗೆ ತೋರಿಸಿದ್ದರು. ಮೊಹರು ನನ್ನದೇ, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದರಂತೆ. ವಿಚಾರಣೆ ನಡೆಯಲಿಲ್ಲ. ಸಾಕ್ಷಿ ಕೇಳಿ ತೀರ್ಪು ಕೊಡಬೇಕೆಂದು ಕಲಿಸುವ ಮನೆ ಕಟ್ಟಿಸಿದವರಿಗೆ ಆ ಒಂದು ಅವಕಾಶವೇ ಸಿಗಲಿಲ್ಲ. ಮುಂದೆ ಮೊಘಲರ ಕಾಲದಲ್ಲಿ ಮದ್ರಸದೊಳಗೆ ಸಿಡಿಮದ್ದು ತುಂಬಿದರು. 17ನೇ ಶತಮಾನದ ಕೊನೆಗೆ ಅದು ಸಿಡಿದು ಮುಂಭಾಗದ ಒಂದು ಪಕ್ಕ ಬಿತ್ತು. ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ.

ಊರಿಗೆ ಬಂದು ಇದನ್ನೆಲ್ಲ ಉಪ್ಪನಿಗೆ ಹೇಳಿದೆ. ಆ ವಾರ ಅಂಗಡಿಯ ಗಲ್ಲಾದಲ್ಲಿ 2,000 ರೂಪಾಯಿ ಕಡಿಮೆ ಬಂದಿತ್ತು. ಕೆಲಸದ ಹುಡುಗನೇ ತೆಗೆದಿದ್ದಾನೆ, ಕಳಿಸಿಬಿಡಿ ಎಂದು ಪಕ್ಕದವರು ಹೇಳುತ್ತಿದ್ದರು. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನನ್ನು ಯಾರಾದರೂ ಕೇಳಿದರಾ?" ಅಂದರು. ಯಾರೂ ಕೇಳಿರಲಿಲ್ಲ. ಹುಡುಗನನ್ನು ಕರೆದು ಕೂರಿಸಿ, ಚಾ ಕೊಟ್ಟು, ಅವನ ಮಾತು ಪೂರ್ತಿ ಕೇಳಿದರು. ಆಮೇಲೆ ಮೂವರೂ ಸೇರಿ ಬಿಲ್ಲುಗಳನ್ನು ಒಂದೊಂದಾಗಿ ನೋಡಿದೆವು.

ಲೆಕ್ಕ ಇನ್ನೂ ಹೊಂದಿಲ್ಲ. ಹುಡುಗ ಕೆಲಸಕ್ಕೆ ಬರುತ್ತಿದ್ದಾನೆ.